ಡಿಸ್ಟಾರ್ಷನ್ ನಡುವೆ ಪಿಟೀಲಿಗೊಂದು ಜಾಗ

ಮೆಟಲ್ ಬ್ಯಾಂಡಿಗೆ ಹೊಸ ವಾದ್ಯವೊಂದು ಬಂದರೆ ಅದಕ್ಕೆ ಮೊದಲು ಎದುರಾಗುವುದು ಗಿಟಾರು. ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಒಂದೇ ಸ್ವರ ನುಡಿಸಿದರೂ ಅದರ ಮೇಲೆ ಹತ್ತಾರು ಉಪಸ್ವರಗಳು ಏಳುತ್ತವೆ, ಮೆಲುದನಿಗೂ ಜೋರುದನಿಗೂ ಇರುವ ಅಂತರ ಕುಗ್ಗಿ ಎಲ್ಲವೂ ಒಂದೇ ಮಟ್ಟದಲ್ಲಿ ಮೊರೆಯುತ್ತದೆ. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಅತಿ ಕೆಳಗಿನ ತಂತಿ 196 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅಲ್ಲಿಂದ ಮೇಲಕ್ಕೆ ಅದು ಓಡಾಡಬೇಕಾದ ಜಾಗದ ಬಹುಪಾಲನ್ನು ಗಿಟಾರು ಆಗಲೇ ಹಿಡಿದಿರುತ್ತದೆ, ಹಾಡುವವರ ಗಂಟಲೂ ಅಲ್ಲೇ ಇರುತ್ತದೆ. ವೇದಿಕೆಯಲ್ಲಂತೂ ಕೊಳಲಿಗೆ ಇಟ್ಟ ಮೈಕು ಪಕ್ಕದ ಡ್ರಮ್ಸ್ ಸದ್ದನ್ನೇ ಹೆಚ್ಚು ಹೀರುತ್ತದೆ, ವಾಲ್ಯೂಮ್ ಏರಿಸಿದರೆ ಮೈಕೇ ಕೂಗತೊಡಗುತ್ತದೆ. ಹಾಗಾಗಿ ಪ್ರೋಗ್ರೆಸಿವ್ ಮೆಟಲ್‌ಗೆ ಅಪರೂಪದ ವಾದ್ಯಗಳು ಬಂದ ಕಥೆಯಲ್ಲಿ ಯಾರು ಏನನ್ನು ತಂದರು ಎಂಬುದಕ್ಕಿಂತ, ಬಂದ ವಾದ್ಯಕ್ಕೆ ಗಿಟಾರು ಎಷ್ಟು ಜಾಗ ಬಿಟ್ಟುಕೊಟ್ಟಿತು ಎಂಬುದೇ ನನಗೆ ಮುಖ್ಯ.

ಬೇರು ಇರುವುದು ಮೆಟಲ್‌ಗಿಂತ ಹಿಂದೆ, ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್‌ನಲ್ಲಿ. 1969ರಲ್ಲಿ ಕಿಂಗ್ ಕ್ರಿಮ್ಸನ್ ತನ್ನ ಮೊದಲ ಆಲ್ಬಂನಲ್ಲಿ ಮೆಲೊಟ್ರಾನ್ ಎಂಬ ಕೀಬೋರ್ಡ್ ವಾದ್ಯ ಬಳಸಿತು. ಅದರ ಒಂದೊಂದು ಮಣೆಯ ಕೆಳಗೂ ಒಂದೊಂದು ಟೇಪು. ಮಣೆ ಒತ್ತಿದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪಿಟೀಲು ಅಥವಾ ಕೊಳಲಿನ ದನಿ ಸುಮಾರು 8 ಸೆಕೆಂಡು ಮಾತ್ರ ಬರುತ್ತದೆ. ಈ ಮಿತಿಯ ನಡುವೆಯೂ ನಿಧಾನವಾಗಿ ಉಬ್ಬಿ ಇಳಿಯುವ ಗಂಭೀರ ಶೈಲಿಯೊಂದು ಅದರಲ್ಲಿ ಮೂಡಿತು. ಅದೇ ಆಲ್ಬಂನ ಮೊದಲ ಹಾಡು ‘ಟ್ವೆಂಟಿಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’ನಲ್ಲಿ ಇಯಾನ್ ಮೆಕ್‌ಡೊನಾಲ್ಡ್ ಅವರ ಸ್ಯಾಕ್ಸೋಫೋನ್ ಗಿಟಾರಿನ ಜೊತೆ ಸೇರಿ ಒಂದೇ ರಿಫ್ (ಮರಳಿ ಮರಳಿ ಬರುವ ಸ್ವರಗುಚ್ಛ) ನುಡಿಸುತ್ತದೆ. ಮುಂದೆ ಮೆಟಲ್ ಆಗಲಿದ್ದ ಭಾರ ಆ ರಿಫ್‌ನಲ್ಲಿ ಆಗಲೇ ಇದೆ. 1973ರ ‘ಲಾರ್ಕ್ಸ್ ಟಂಗ್ಸ್ ಇನ್ ಆ್ಯಸ್ಪಿಕ್’ ವೇಳೆಗೆ ಡೇವಿಡ್ ಕ್ರಾಸ್ ಅವರ ಪಿಟೀಲು, ಜೇಮಿ ಮ್ಯೂರ್ ಅವರ ಗಂಟೆ, ಸರಪಳಿ, ತಗಡುಗಳು ತಂಡದೊಳಗೇ ಇದ್ದವು. ಅಮೆರಿಕದ ಕ್ಯಾನ್ಸಸ್ ಕೂಡ ಪಿಟೀಲಿನವರನ್ನು ಕಾಯಂ ಸದಸ್ಯರಾಗಿಯೇ ಇಟ್ಟುಕೊಂಡಿತ್ತು.

ಆದರೆ ಮೆಟಲ್ ಬೆಳೆದು ಗಟ್ಟಿಯಾಗುತ್ತಿದ್ದಂತೆ ಈ ಔದಾರ್ಯ ಕಡಿಮೆಯಾಯಿತು. 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದು ಮೊದಲ ಸಲ ಕೊಟ್ಟ ಗ್ರ್ಯಾಮಿ, ಮೆಟಾಲಿಕಾಗೆ ಸಿಗದೆ, ಇಯಾನ್ ಆ್ಯಂಡರ್ಸನ್ ಅವರ ಕೊಳಲಿಗೆ ಹೆಸರಾದ ಜೆಥ್ರೊ ಟಲ್ ಪಾಲಾದಾಗ ಅಭಿಮಾನಿಗಳು ಕೆರಳಿದ್ದರು. ಸಿಟ್ಟಿಗೆ ಕಾರಣ ಬರೀ ಸೋಲಲ್ಲ. ಕೊಳಲಿರುವುದು ಮೆಟಲ್ ಹೇಗಾದೀತು ಎಂಬ ಪ್ರಶ್ನೆಯೂ ಅದರಲ್ಲಿತ್ತು. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ 1987ರಲ್ಲೇ ‘ಇಂಟು ದ ಪ್ಯಾಂಡಿಮೋನಿಯಂ’ನಲ್ಲಿ ಫ್ರೆಂಚ್ ಹಾರ್ನ್, ತಂತಿವಾದ್ಯಗಳನ್ನು ತಂದಿತ್ತು, ನಿಜ. ಆಗ ಅಂಥವರು ಬೆರಳೆಣಿಕೆಯಷ್ಟು.

ತೊಂಬತ್ತರ ದಶಕ ಅತಿಥಿಗಳ ಕಾಲ. ಡ್ರೀಮ್ ಥಿಯೇಟರ್‌ನ ‘ಇಮೇಜಸ್ ಆ್ಯಂಡ್ ವರ್ಡ್ಸ್’ (1992) ಆಲ್ಬಂನ ‘ಅನದರ್ ಡೇ’ಯಲ್ಲಿ ಸ್ಪೈರೊ ಜೈರಾ ತಂಡದ ಜೇ ಬೆಕೆನ್‌ಸ್ಟೀನ್ ಸೊಪ್ರಾನೊ ಸ್ಯಾಕ್ಸೋಫೋನ್ ನುಡಿಸಿದ್ದಾರೆ. ಸೊಗಸಾದ ನುಡಿಸಾಣಿಕೆಯೇ. ಆದರೂ ಅದನ್ನು ತೆಗೆದು ಅಲ್ಲಿ ಗಿಟಾರ್ ಸೋಲೊ ಇಟ್ಟರೆ ಹಾಡು ಕುಸಿಯುವುದಿಲ್ಲ. ಮರುವರ್ಷ ಮಯಾಮಿಯ ಸಿನಿಕ್ ತಂದ ‘ಫೋಕಸ್’ ಬೇರೆ ಜಾತಿಯದು. ಅದರಲ್ಲಿ ಶಾನ್ ಮಲೋನ್ ಬೇಸ್ ಜೊತೆಗೆ ಚಾಪ್ಮನ್ ಸ್ಟಿಕ್ ನುಡಿಸಿದರು. ಈ ವಾದ್ಯದಲ್ಲಿ ತಂತಿ ಮೀಟುವುದಿಲ್ಲ, ಎರಡೂ ಕೈಗಳ ಬೆರಳುಗಳಿಂದ ಫಲಕದ ಮೇಲೆ ತಟ್ಟುತ್ತಾರೆ, ಒಬ್ಬರೇ ಕೆಳಸ್ತರ ಮೇಲ್ಸ್ತರ ಎರಡನ್ನೂ ಹೆಣೆಯಬಹುದು. 1996ರಲ್ಲಿ ಹೆಲ್ಸಿಂಕಿಯ ಅಪೊಕಲಿಪ್ಟಿಕಾ ನಾಲ್ಕು ಚೆಲ್ಲೊಗಳಲ್ಲಿ ಮೆಟಾಲಿಕಾ ಹಾಡುಗಳನ್ನು ನುಡಿಸಿ, ರಿಫ್‌ನ ಭಾರಕ್ಕೆ ಗಿಟಾರೇ ಬೇಕೆಂದಿಲ್ಲ ಎಂದು ತೋರಿಸಿತು.

ಇಸ್ರೇಲಿನ ಆರ್ಫನ್ಡ್ ಲ್ಯಾಂಡ್ ಬಗ್ಗೆ ತುಸು ನಿಂತು ಮಾತಾಡಬೇಕು. ‘ಸಹಾರಾ’ದಿಂದ (1994) ಹಿಡಿದು ‘ಮಬೂಲ್’ವರೆಗೆ (2004) ಈ ತಂಡ ಊದ್, ಸಾಜ್, ಬುಝುಕಿ ಎಂಬ ತಂತಿವಾದ್ಯಗಳನ್ನು ಒಳಗೆ ಬಿಟ್ಟುಕೊಂಡಿತು. ಊದ್‌ಗೆ ಮೆಟ್ಟಿಲುಗಳಿಲ್ಲ, ಸಾಜ್‌ನ ಮೆಟ್ಟಿಲುಗಳನ್ನು ಸರಿಸಬಹುದು. ಹಾಗಾಗಿ ಗಿಟಾರಿನ ಹನ್ನೆರಡು ಸ್ವರಸ್ಥಾನಗಳ ನಡುವೆ ಬೀಳುವ ಸ್ವರಗಳೂ ಅವುಗಳಲ್ಲಿ ನುಡಿಯುತ್ತವೆ. ಇಂಥ ವಾದ್ಯವನ್ನು ಮೆಟಲ್ ಹೇಗೆ ತಾಳಿಕೊಂಡಿತು? ನನಗೆ ತೋರುವ ಉತ್ತರ ಪವರ್ ಕಾರ್ಡ್‌ನಲ್ಲಿದೆ. ಮೆಟಲ್ ಗಿಟಾರಿನ ಮೂಲ ಪಟ್ಟು ಷಡ್ಜ ಮತ್ತು ಪಂಚಮ, ಅಷ್ಟೇ. ಗಾಂಧಾರ ಅದರಲ್ಲಿಲ್ಲ. ರಿಫ್ ಒಂದೇ ಆಧಾರ ಸ್ವರದ ಮೇಲೆ ನಿಂತಿರುವಷ್ಟು ಹೊತ್ತು ಅದು ತಂಬೂರಿಯ ಕೆಲಸವನ್ನೇ ಮಾಡುತ್ತದೆ, ಮೇಲೆ ಅರಬ್ಬೀ ಸಂಗೀತದ ರಾಗದಂಥ ಮಕಾಮ್ ಆಗಲಿ ನಮ್ಮ ರಾಗವಾಗಲಿ ತನ್ನ ಸ್ವರಗಳನ್ನು ತಾನೇ ಆರಿಸಿಕೊಳ್ಳಬಹುದು. ಕಾರ್ಡ್‌ಗಳು ತುಂಬಿದ ಪಾಪ್ ಸಂಗೀತಕ್ಕಿಂತ ಮೆಟಲ್ ಪೂರ್ವದ ವಾದ್ಯಗಳಿಗೆ ಹೆಚ್ಚು ಒಗ್ಗುವುದು ಇದರಿಂದಲೇ. ತಂಡದ ಗಿಟಾರಿಸ್ಟ್ ಆಗಿದ್ದ ಯೋಸಿ ಸಾಸ್ಸಿ ಮುಂದೆ ಬುಝುಕಿ ಮತ್ತು ಎಲೆಕ್ಟ್ರಿಕ್ ಗಿಟಾರನ್ನು ಒಂದೇ ದೇಹದಲ್ಲಿ ಕೂಡಿಸಿದ ಎರಡು ಕತ್ತಿನ ವಾದ್ಯವನ್ನೇ ರೂಪಿಸಿದರು. ಟ್ಯುನೀಶಿಯಾದ ಮಿರಾತ್ ತನ್ನ ನೆಲದ ಲಯಗಳೊಂದಿಗೆ ಇದೇ ದಾರಿಯಲ್ಲಿ ಬಂತು.

ತಾಳದ ಕಡೆ ಇಂಥದೇ ಪಾಠ ಕಲಿತವರು ಟೂಲ್ ತಂಡದ ಡ್ಯಾನಿ ಕ್ಯಾರಿ. ಅಲೋಕ್ ದತ್ತಾ ಅವರ ಬಳಿ ತಬಲಾ ಕಲಿತ ಅವರು ‘ರೈಟ್ ಇನ್ ಟೂ’ (2006) ಹಾಡಿನಲ್ಲಿ ತಬಲಾವನ್ನೇ ನುಡಿಸಿದ್ದಾರೆ. ಅದಕ್ಕಿಂತ ದೊಡ್ಡದು, ತಬಲಾ ಇಲ್ಲದ ಹಾಡುಗಳಲ್ಲೂ ಅವರ ಡ್ರಮ್ಸ್‌ನಲ್ಲಿ ಕೇಳಿಬರುವ ಆವರ್ತದ ಪ್ರಜ್ಞೆ.

2010 ಸ್ಯಾಕ್ಸೋಫೋನಿನ ವರ್ಷ. ನಾರ್ವೆಯ ಶೈನಿಂಗ್ ಶುರುವಿನಲ್ಲಿ ಜ್ಯಾಝ್ ತಂಡ. ಯೋರ್ಗನ್ ಮುಂಕೆಬಿ ಮುಂದಾಳತ್ವದಲ್ಲಿ ಅದು ಆ ವರ್ಷ ‘ಬ್ಲ್ಯಾಕ್‌ಜ್ಯಾಝ್’ ತಂದಿತು. ಆಲ್ಬಂ ಮುಗಿಯುವುದು ಕಿಂಗ್ ಕ್ರಿಮ್ಸನ್‌ನ ಅದೇ 1969ರ ಹಾಡಿನಿಂದ. ಅದೇ ವರ್ಷ ಎಂಪರರ್ ತಂಡದ ಖ್ಯಾತಿಯ ಇಸಾನ್ ‘ಆಫ್ಟರ್’ನಲ್ಲಿ ಎಂಟು ತಂತಿಯ ಗಿಟಾರುಗಳ ಎದುರು ಮುಂಕೆಬಿಯವರನ್ನು ನಿಲ್ಲಿಸಿದರು. ಇದು ಜಾಣ ಹಂಚಿಕೆ: ಗಿಟಾರು ತಳಕ್ಕೆ ಇಳಿದದ್ದರಿಂದ ಮೇಲೆ ಸ್ಯಾಕ್ಸೋಫೋನಿಗೆ ಬಯಲು ಸಿಕ್ಕಿತು. ಊದುತ್ತಲೇ ಗಂಟಲಿನಿಂದ ದನಿ ತೆಗೆದರೆ ಈ ವಾದ್ಯ ಗರ್ಜಿಸುತ್ತದೆ, ಆ ಒರಟು ಡಿಸ್ಟಾರ್ಷನ್‌ಗೆ ಹತ್ತಿರದ ಬಂಧು. ಇಲ್ಲಿ ನಮಗೆ ಕದ್ರಿ ಗೋಪಾಲನಾಥರು ನೆನಪಾಗದೆ ಇರುವುದಿಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಗಮಕ ಕಲಿಸಲು ವರ್ಷಗಟ್ಟಲೆ ದುಡಿದು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ವರೆಗೆ ಅದನ್ನು ಒಯ್ದವರು ಅವರು. ನಾಗಸ್ವರ ವಿದ್ವಾಂಸರ ಮಗ ಸ್ಯಾಕ್ಸೋಫೋನನ್ನು ರಾಗಕ್ಕೆ ಒಲಿಸಿದರು, ಮುಂಕೆಬಿ ಅದನ್ನು ಗಿಟಾರಿನ ಗದ್ದಲಕ್ಕೆ ಒಲಿಸಿದರು. ಎರಡೂ ಕಡೆ ಬದಲಾದದ್ದು ನುಡಿಸುವ ಕ್ರಮವೇ. ಅಮೆರಿಕದ ರಿವರ್ಸ್ ಆಫ್ ನಿಹಿಲ್ 2018ರಲ್ಲಿ ‘ವೇರ್ ಔಲ್ಸ್ ನೋ ಮೈ ನೇಮ್’ ತರುವ ಹೊತ್ತಿಗೆ ಡೆತ್ ಮೆಟಲ್‌ನಲ್ಲಿ ಸ್ಯಾಕ್ಸೋಫೋನ್ ಅಷ್ಟೇನೂ ಬೆರಗಿನ ಸಂಗತಿಯಾಗಿ ಉಳಿದಿರಲಿಲ್ಲ.

ಈ ಇಡೀ ಪಯಣದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಮೆಲ್ಬರ್ನ್‌ನ ನೇ ಒಬ್ಲಿವಿಸ್ಕಾರಿಸ್ ತಂಡವನ್ನು. ಟಿಮ್ ಚಾರ್ಲ್ಸ್ ಅಲ್ಲಿ ಪಿಟೀಲುಗಾರರೂ ಹೌದು, ಹಾಡುವವರೂ ಹೌದು. ‘ಪೋರ್ಟಲ್ ಆಫ್ ಐ’ನಲ್ಲಿ (2012) ಪಿಟೀಲು ಒಮ್ಮೆ ಮುಖ್ಯ ರಾಗವನ್ನು ಎಳೆಯುತ್ತದೆ, ಒಮ್ಮೆ ಗಿಟಾರುಗಳ ಕೆಳಗೆ ಸರಿದು ಲಯ ಹಿಡಿಯುತ್ತದೆ, ಒಮ್ಮೆ ಪೂರ್ತಿ ಸುಮ್ಮನಿರುತ್ತದೆ. ಪಿಟೀಲನ್ನು ತೆಗೆದರೆ ಅಲ್ಲಿ ಹಾಡೇ ಉಳಿಯದು. ನಾರ್ವೆಯ ಲೆಪ್ರಸ್ ಕೆನಡಾದ ರಫಾಯೆಲ್ ವೈನ್‌ರೋತ್-ಬ್ರೌನ್ ಅವರ ಚೆಲ್ಲೊ ಜೊತೆ ‘ಮಲೀನಾ’ದಲ್ಲಿ (2017) ಇನ್ನೊಂದು ಹೆಜ್ಜೆ ಇಟ್ಟಿತು. ಗಿಟಾರುಗಳೇ ತೆಳುವಾಗಿ, ಮೌನಕ್ಕೂ ಎಡೆ ಸಿಕ್ಕಿತು.

ಈಗ ಕಂಪ್ಯೂಟರಿನಲ್ಲಿ ಜಗತ್ತಿನ ಯಾವ ವಾದ್ಯದ ದನಿ ಬೇಕಾದರೂ ಸಿಗುತ್ತದೆ, ವೇದಿಕೆಯಲ್ಲಿ ಟ್ರ್ಯಾಕ್ ಹಾಕಿ ನುಡಿಸುವುದೂ ರೂಢಿಯಾಗಿದೆ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಟ್ರ್ಯಾಕ್ ಗಿಟಾರಿಗೆ ಎದುರುತ್ತರ ಕೊಡುವುದಿಲ್ಲ. ವಾದಕರು ಕೊಡುತ್ತಾರೆ, ಆ ಉತ್ತರದಿಂದಲೇ ಹಾಡಿನ ದಾರಿ ಬದಲಾಗುತ್ತದೆ.

ಭಾರತದಲ್ಲಿ ಕೊಚ್ಚಿಯ ಮದರ್‌ಜೇನ್ ಹೊಸ ವಾದ್ಯ ತರದೆ, ಬೈಜು ಧರ್ಮಜನ್ ಅವರ ಗಿಟಾರಿಗೇ ಗಮಕ ತಂದುಕೊಂಡಿತು. ದಿಲ್ಲಿಯ ಬ್ಲಡಿವುಡ್ ಢೋಲು, ಬಾನ್ಸುರಿಗಳೊಂದಿಗೆ ‘ರಕ್ಷಕ್’ (2022) ಮೂಲಕ ಹೊರದೇಶಗಳ ಕಿವಿ ಸೆಳೆಯಿತು. ಬೆಂಗಳೂರಿನ ಪೈನಾಪಲ್ ಎಕ್ಸ್‌ಪ್ರೆಸ್ ಮತ್ತು ‘ಮೆಸೊ’ (2021) ಆಲ್ಬಂ ತಂದ ಪ್ರಾಜೆಕ್ಟ್ ಮಿಶ್ರಮ್ ಕರ್ನಾಟಕ ಸಂಗೀತದ ಗಾಯನವನ್ನೂ ಕೊಳಲನ್ನೂ ತಂಡದ ಒಳಗಿನ ದನಿಗಳನ್ನಾಗಿಯೇ ಇಟ್ಟುಕೊಂಡಿವೆ. ಏಳು, ಐದು ಎಣಿಕೆಯ ಲಯಗಳು ಪಾಶ್ಚಾತ್ಯ ಮೆಟಲ್‌ನವರಿಗೆ ಸಾಹಸವಾದರೆ, ಮಿಶ್ರ ಚಾಪು, ಖಂಡ ಚಾಪುಗಳಲ್ಲಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ ಅವು ಬಾಲಪಾಠ. ಇಷ್ಟು ಹತ್ತಿರದ ಎರಡು ಸಂಗೀತಗಳು ಒಂದೇ ಊರಿನಲ್ಲಿ ಸಿಗುವುದು ಅಪರೂಪ.

ಹೊಸದಾಗಿ ಬ್ಯಾಂಡು ಕಟ್ಟುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಕೊಳಲಿನವರನ್ನೋ ಪಿಟೀಲಿನವರನ್ನೋ ರೆಕಾರ್ಡಿಂಗ್ ದಿನ ಕರೆಸಿ, ಉಳಿದ ಹದಿನಾರು ಮಾತ್ರೆಯ ಖಾಲಿ ಜಾಗ ತೋರಿಸಬೇಡಿ. ಮೊದಲ ರಿಫ್ ಹುಟ್ಟುವ ದಿನವೇ ಅವರನ್ನು ರಿಹರ್ಸಲ್‌ಗೆ ಕರೆಯಿರಿ, ಒಂದು ಗಿಟಾರಿನ ಪಾಲನ್ನು ಕಡಿಮೆ ಮಾಡಿ, ವಾದ್ಯದ ದನಿಯನ್ನು ನೇರವಾಗಿ ಹಿಡಿಯುವ ಒಳ್ಳೆಯ ಪಿಕಪ್ಪಿಗೆ ಹಣ ತೆಗೆದಿಡಿ.