ಅಜ್ಜಿಗೆ ಯಾಕೆ ಸೂಜಿ?

ನಮ್ಮ ಅಜ್ಜಿಯ ಎಡತೋಳಿನಲ್ಲಿ ಎರಡು ಗುರುತುಗಳಿವೆ. ನಾಲ್ಕಾಣೆ ಬಿಲ್ಲೆಯಷ್ಟು ಅಗಲ, ಒಳಗೆ ಸಣ್ಣ ಸಣ್ಣ ಗುಳಿಗಳು. ಚಿಕ್ಕಂದಿನಲ್ಲಿ ಅವಳ ಪಕ್ಕ ಮಲಗಿ ಅವುಗಳ ಮೇಲೆ ಬೆರಳಾಡಿಸುತ್ತಲೇ ನಿದ್ದೆ ಹೋಗುತ್ತಿದ್ದೆ. ‘ದಾಕು ಹಾಕಿದ್ದು ಕಣೇ, ಅಮ್ಮ ಬರಬಾರದು ಅಂತ’ ಎನ್ನುತ್ತಿದ್ದಳು. ಸಿಡುಬನ್ನು ಅವಳು ಇವತ್ತಿಗೂ ಹೆಸರು ಹಿಡಿದು ಕರೆಯುವುದಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ, ‘ಅಜ್ಜಿ, ಮಳೆ ಶುರುವಾಗೋದಕ್ಕೆ ಮುಂಚೆ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡು ಬರೋಣ’ ಎಂದಾಗ ಅವಳು ಸೆರಗು ಸರಿಸಿ ಅದೇ ತೋಳನ್ನು ತೋರಿಸಿದಳು. ‘ನನಗೆ ಆಗಲೇ ಹಾಕಿಬಿಟ್ಟಿದಾರಲ್ಲ. ಸೂಜಿ ಮಕ್ಕಳಿಗೆ. ಮುದುಕಿಗೆ ಯಾಕೆ?’

ನಾನು ಬೆಂಗಳೂರು ದಂಡಿನ ಸಾರ್ವಜನಿಕ ಆರೋಗ್ಯದ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕು ವರ್ಷಗಳಿಂದ ಹಳೆಯ ವರದಿಗಳನ್ನು ಓದುತ್ತಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಲಸಿಕೆಯ ಚರಿತ್ರೆಯಲ್ಲಿ ಮುದುಕರು ಎಲ್ಲಿದ್ದಾರೆ?

ಅಜ್ಜಿ ಇರುವುದು ಕಮರ್ಷಿಯಲ್ ಸ್ಟ್ರೀಟಿನ ಒಂದು ಅಡ್ಡಗಲ್ಲಿಯಲ್ಲಿ, ಇಬ್ರಾಹಿಂ ಸಾಹೇಬ್ ಸ್ಟ್ರೀಟಿಗೆ ಹತ್ತಿರ. ಶನಿವಾರ ಸಂಜೆ ಬಟ್ಟೆ, ಚಪ್ಪಲಿ, ಬಳೆ ಕೊಳ್ಳಲು ಬರುವವರಿಗೆ ಇಲ್ಲಿ ಬರೀ ಅಂಗಡಿಗಳೇ ಕಾಣುತ್ತವೆ. ತಲೆಯೆತ್ತಿದರೆ ಬೋರ್ಡುಗಳ ಮೇಲೆ ಕಿಟಕಿಗಳಿವೆ, ಕಿಟಕಿಯಲ್ಲಿ ಒಣಹಾಕಿದ ಸೀರೆಗಳಿವೆ. ತಾತ ಕೆಳಗೆ ದರ್ಜಿ ಅಂಗಡಿ ಇಟ್ಟಿದ್ದರು, ಮೇಲೆ ಸಂಸಾರ. ತಾತ ಹೋದ ಮೇಲೆ ಕೆಳಗಡೆ ಗುಂಡಿ, ಲೇಸು ಮಾರುವವರಿಗೆ ಬಾಡಿಗೆಗೆ ಹೋಯಿತು. ಅಜ್ಜಿ ಮೇಲೆಯೇ ಉಳಿದಳು. ಮಕ್ಕಳು ಕೆ.ಆರ್. ಪುರಕ್ಕೆ, ಇಂದಿರಾನಗರಕ್ಕೆ ಕರೆದರೂ ಹೋಗಲಿಲ್ಲ.

ಅವಳಿಗೆ ಈಗ 78. ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಬಿ.ಪಿ. ಮಾತ್ರೆ, ಕಾಫಿ, ಬಾಗಿಲಿಗೆ ನೀರು. ಅಂಗಡಿ ಹುಡುಗರು ಬೀಗದ ಕೈ ಅವಳ ಹತ್ತಿರವೇ ಬಿಟ್ಟು ಹೋಗುತ್ತಾರೆ. ಎದುರು ಮನೆಯ ಖಾಲಾ ಜೊತೆ ದಖನಿ ಉರ್ದು, ಹೂವಿನಾಕೆ ಜೊತೆ ತಮಿಳು, ದೇವರ ಜೊತೆ ಕನ್ನಡ. ವಾರಕ್ಕೆ ಮೂರು ದಿನ ಚೀಲ ಹಿಡಿದು ರಸೆಲ್ ಮಾರ್ಕೆಟ್ಟಿಗೆ ನಡೆದೇ ಹೋಗಿ, ಚೌಕಾಸಿ ಮಾಡಿ, ನಡೆದೇ ಬರುವುದು. ಹೀಗೆ ಹೇಳಿದರೆ ಈಗಲೂ ಹೋಗುತ್ತಾಳೆ ಅನ್ನಿಸಬಹುದು. ಹೋದ ವರ್ಷದ ಆಗಸ್ಟ್ ತನಕ ಹೋಗುತ್ತಿದ್ದಳು.

ಆಗಸ್ಟ್‌ನಲ್ಲಿ ಜ್ವರ ಬಂತು. ಮಳೆ ಜ್ವರ ಅಂದುಕೊಂಡೆವು. ಮೆಣಸಿನ ಕಷಾಯ, ಗಂಜಿ, ಜ್ವರದ ಮಾತ್ರೆ. ನಾಲ್ಕನೇ ದಿನ ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಇನ್‌ಫ್ಲುಯೆಂಜಾ ಅಂದರು, ಎದೆಗೆ ನಿಮೋನಿಯಾ ಇಳಿದಿದೆ ಅಂದರು. ಎಂಟು ದಿನ ಇಟ್ಟುಕೊಂಡು ಕಳಿಸಿದರು. ಕೊನೆಯ ಕಾಗದದಲ್ಲಿ ‘ಗುಣಮುಖ’ ಎಂದಿತ್ತು. ಮನೆಗೆ ಬಂದರೆ 21 ಮೆಟ್ಟಿಲು. ಆ ದಿನ ನಾನು, ಮಾವ ಹಿಡಿದು ಹತ್ತಿಸಿದೆವು. ಆಮೇಲೆ ಅವಳು ಒಬ್ಬಳೇ ಇಳಿಯುವುದನ್ನು ಬಿಟ್ಟಳು. ರಸೆಲ್ ಮಾರ್ಕೆಟ್ ಮುಗಿಯಿತು. ಚೌಕಾಸಿ ಈಗ ಕಿಟಕಿಯಿಂದ, ತಳ್ಳುಗಾಡಿಯವನ ಜೊತೆ.

ಆಗ ನಾನು ಮೇಜಿನ ಮೇಲೆ 1898ರ ಪ್ಲೇಗಿನ ಟಿಪ್ಪಣಿಗಳನ್ನು ಹರಡಿಕೊಂಡು ಕೂತಿದ್ದೆ. ಸತ್ತವರ ಲೆಕ್ಕ ಮಾಡುವುದು ನನ್ನ ಕೆಲಸ. ಸಾಯದೆ, ಮೆಟ್ಟಿಲು ಇಳಿಯಲಾರದೆ ಹೋದವರ ಲೆಕ್ಕ ಯಾವ ಕೋಷ್ಟಕದಲ್ಲೂ ಇಲ್ಲ.

ಮೈಸೂರು ಸೀಮೆಯ ಲಸಿಕೆಯ ಕಥೆ ಅರಮನೆಯಿಂದಲೇ ಶುರುವಾಗುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ. 1802ರಲ್ಲಿ ಆ ಲಸಿಕೆ ಮುಂಬಯಿ ಮುಟ್ಟಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೈಸೂರಿನಲ್ಲಿ ಮೂವರು ಹೆಂಗಸರ ಚಿತ್ರ ಬರೆದ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಪ್ರಕಾರ ಅದರಲ್ಲಿ ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯರು. ಒಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ, ಲಸಿಕೆ ಹಾಕಿಸಿಕೊಂಡ ಜಾಗ ಅದು. ಇನ್ನೊಬ್ಬಳ ಮುಖದಲ್ಲಿ ಹಳೆಯ ಪದ್ಧತಿಯ, ಸಿಡುಬಿನ ಕೀವನ್ನೇ ತಗುಲಿಸುವ ಚಿಕಿತ್ಸೆಯ ಕಲೆ ಇದೆ. ನಡುವೆ ನಿಂತವರು ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ. ಈ ಗುರುತಿಸುವಿಕೆಯನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ಒಪ್ಪಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸೂಜಿ ಸೊಸೆಯಂದಿರಿಗೆ, ಮಾತು ಅಜ್ಜಿಯದು. ಮನೆಯ ಹಿರಿಯಳು ಹೂಂ ಅಂದಿದ್ದಾಳೆ, ನೀವೂ ಹೆದರಬೇಡಿ ಎಂಬುದೇ ಆ ಚಿತ್ರದ ಸಾರ.

ಅಜ್ಜಿಯ ಎರಡು ಗುರುತುಗಳು ಆ ಚಿತ್ರದ ಕೊನೆಯ ತಲೆಮಾರಿನವು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಪತ್ತೆಯಾಗಿದ್ದು 1975ರಲ್ಲಿ. 1980ರಲ್ಲಿ ಲೋಕದಿಂದಲೇ ಅದು ಹೋಯಿತೆಂದು ಘೋಷಿಸಿದರು. ನಮ್ಮಮ್ಮನ ತೋಳಿನಲ್ಲಿ ಗುರುತಿದೆ, ನನ್ನ ತೋಳಿನಲ್ಲಿಲ್ಲ.

ಎರಡನೇ ಸೂಜಿ ದಂಡಿಗೆ ಬಂದಿದ್ದು ಪ್ಲೇಗಿನ ಜೊತೆ. 1898ರ ಆಗಸ್ಟ್‌ನಲ್ಲಿ ಅದು ರೈಲು ಹತ್ತಿ ಬೆಂಗಳೂರಿಗೆ ಬಂತು. ಆಗ ದಂಡು ಎಂದರೆ ಬ್ರಿಟಿಷರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಪೇಟೆ ಮೈಸೂರು ಸಂಸ್ಥಾನದ್ದು. ಊರು ಎರಡು, ಇಲಿ ಒಂದೇ. ಇವತ್ತಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ. ಇಕ್ಕಟ್ಟಿನ ಮನೆಗಳಿಂದ ಜನರನ್ನು ಎಬ್ಬಿಸಿ ಊರ ಹೊರಗಿನ ಶಿಬಿರಗಳಿಗೆ ಕಳಿಸಿದರು, ಮನೆಗಳಿಗೆ ಔಷಧಿ ಹೊಡೆದರು. ಫ್ರೇಜರ್ ಟೌನ್ ಹುಟ್ಟಿದ್ದೇ ಈ ಭಯದಿಂದ, ಗಾಳಿ ಬೆಳಕು ಆಡುವ ಹೊಸ ಬಡಾವಣೆ ಬೇಕೆಂದು. ಜನ ತಮ್ಮ ಪಾಡಿಗೆ ಪ್ಲೇಗ್ ಮಾರಮ್ಮನಿಗೂ ಗುಡಿ ಕಟ್ಟಿದರು.

ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡಿದ್ದ. ನಮ್ಮ ಕಡೆ ಅದರ ದೊಡ್ಡ ಪ್ರಯೋಗ ನಡೆದದ್ದು ಹುಬ್ಬಳ್ಳಿಯಲ್ಲಿ. 1898ರಲ್ಲಿ ಡಾ. ಲ್ಯೂಮನ್ ಅಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಸೂಜಿ ಹಾಕಿದ. ಆ ಲಸಿಕೆ ಸುಮ್ಮನೆ ಬಿಡುತ್ತಿರಲಿಲ್ಲ, ತೋಳು ಊದಿ ಜ್ವರ ಬರುತ್ತಿತ್ತು. ದಿನಗೂಲಿಯವರಿಗೆ ಅದು ಕೂಲಿ ತಪ್ಪುವ ಮಾತು. ಹೀಗಿದ್ದೂ ಸೂಜಿ ಹುಡುಕಿದ್ದು ದುಡಿಯುವವರನ್ನೇ: ರೈಲ್ವೆ ನೌಕರ, ಗಿರಣಿ ಕೆಲಸಗಾರ. ರೈಲು ನಿಲ್ಲಬಾರದು, ಗಿರಣಿ ನಿಲ್ಲಬಾರದು. ಮೂಲೆಯಲ್ಲಿ ಕೂತ ಮುದುಕಿಯಿಂದ ಏನೂ ನಿಲ್ಲುವುದಿಲ್ಲ.

ಇನ್ನು ಫ್ಲೂ. 1918ರ ಮಹಾಯುದ್ಧದ ಕೊನೆಯಲ್ಲಿ ಹಡಗಿನಲ್ಲಿ ಮುಂಬಯಿಗೆ ಬಂದು, ರೈಲಿನಲ್ಲಿ ದೇಶವೆಲ್ಲ ಹರಡಿದ ಜ್ವರ ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ. ಹತ್ತು ವರ್ಷ ಕಳೆದು 1921ರಲ್ಲಿ 60 ಲಕ್ಷವನ್ನೂ ಮುಟ್ಟಲಿಲ್ಲ. ಆಗ ಸೂಜಿ ಇರಲಿಲ್ಲ. ಮನುಷ್ಯರ ಫ್ಲೂ ವೈರಾಣುವನ್ನು ಕಂಡುಹಿಡಿದದ್ದೇ 1933ರಲ್ಲಿ. ಆ ಜ್ವರದ ವಿಚಿತ್ರವೆಂದರೆ ಅದು 20ರಿಂದ 40ರ ಪ್ರಾಯದವರನ್ನು ಹೆಚ್ಚಾಗಿ ಒಯ್ದಿತು, ಮುದುಕರನ್ನು ಅಷ್ಟಾಗಿ ಮುಟ್ಟಲಿಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜಿ ತಾತಂದಿರು ಉಳಿದು ಮೊಮ್ಮಕ್ಕಳನ್ನು ಸಾಕಿರಬೇಕು.

ಉಳಿದ ವರ್ಷಗಳ ಸಾಮಾನ್ಯ ಫ್ಲೂ ಹಾಗಲ್ಲ. ಅದು ಕೂಸುಗಳನ್ನು, ಮುದುಕರನ್ನು ಆರಿಸಿಕೊಳ್ಳುತ್ತದೆ. ಇದು ಅರ್ಥವಾಗಲು ಇನ್ನೊಂದು ಪಿಡುಗು ಬರಬೇಕಾಯಿತು. 1957ರ ಮೇ ತಿಂಗಳಲ್ಲಿ ‘ಏಷ್ಯನ್ ಫ್ಲೂ’ ಸಿಂಗಪುರದ ಹಡಗಿನಲ್ಲಿ ಮದ್ರಾಸಿಗೆ ಬಂತು. ಕೆಲವೇ ತಿಂಗಳಲ್ಲಿ ದೇಶದಲ್ಲಿ ವರದಿಯಾದ ರೋಗಿಗಳೇ 44 ಲಕ್ಷ. ಆ ಪಿಡುಗಿನ ಪಾಠದಿಂದ 1960ರಲ್ಲಿ ಅಮೆರಿಕ, 65 ದಾಟಿದವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ ಎಂದಿತು. ಸೂಜಿ ಮುದುಕರ ಹೆಸರು ಹಿಡಿದು ಕರೆದದ್ದು ಆಗ. ನಮ್ಮ ಊರಿಗೆ ಆ ಕರೆ ತಲುಪಲಿಲ್ಲ. ನಮ್ಮಲ್ಲಿ ಸರ್ಕಾರದ ಉಚಿತ ಲಸಿಕೆ ಎಂದರೆ ಮಕ್ಕಳಿಗೆ, ಬಸುರಿಯರಿಗೆ. ಫ್ಲೂ ಲಸಿಕೆ ಆ ಪಟ್ಟಿಯಲ್ಲಿಲ್ಲ.

ಒಂದೇ ಒಂದು ಸಲ ಸಾಲು ತಿರುಗಿತು. 2021ರ ಮಾರ್ಚ್ 1ರಿಂದ ಕೋವಿಡ್ ಲಸಿಕೆಗೆ 60 ದಾಟಿದವರನ್ನು ಕರೆದರು. ಅಜ್ಜಿ, ಖಾಲಾ ಇಬ್ಬರೂ ಹೋಗಿ ಕುರ್ಚಿಯಲ್ಲಿ ಕೂತು ಬಂದರು. ಮೊಬೈಲಿಗೆ ಬಂದ ಸರ್ಟಿಫಿಕೇಟನ್ನು ಅಜ್ಜಿ ಪ್ರಿಂಟ್ ಹಾಕಿಸಿ ರೇಷನ್ ಕಾರ್ಡಿನ ಜೊತೆ ಇಟ್ಟಳು. ಆ ಎರಡು ವರ್ಷ ಮುದುಕರ ಉಸಿರು ದೇಶದ ಸುದ್ದಿಯಾಗಿತ್ತು. ಆಮೇಲೆ ಮತ್ತೆ ಅದು ಮನೆಯೊಳಗಿನ ವಿಷಯವಾಯಿತು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಎಂಬತ್ತು ದಾಟಿದ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡಾಗ ನಾಲ್ಕು ದಿನ ಟಿ.ವಿ.ಯಲ್ಲಿ ಮಾತಾಯಿತು, ಮುಗಿಯಿತು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ, ರಾಣಿಯರ ಚಿತ್ರವನ್ನೂ ಫೋನಿನಲ್ಲಿ ತೋರಿಸಿದೆ. ನಡುವಿನ ಹೆಂಗಸನ್ನು ದೊಡ್ಡದು ಮಾಡಿಸಿ ಒಡವೆ ನೋಡಿದಳು. ಆಮೇಲೆ ಕೇಳಿದಳು, ‘ದಾಕು ಒಂದೇ ಸಲ ಹಾಕಿದ್ದು. ಇದ್ಯಾಕೆ ವರ್ಷಾ ವರ್ಷ?’

ಕೇಳಬೇಕಾದ ಪ್ರಶ್ನೆಯೇ. ಸಿಡುಬಿನ ವೈರಾಣು ವೇಷ ಬದಲಿಸುತ್ತಿರಲಿಲ್ಲ, ಫ್ಲೂ ವರ್ಷ ವರ್ಷವೂ ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ದೇಶದೇಶಗಳಿಂದ ಮಾದರಿ ತರಿಸಿಕೊಂಡು, ಫೆಬ್ರವರಿಯಲ್ಲಿ ಭೂಮಿಯ ಉತ್ತರಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಕ್ಕೆ, ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕೆಂದು ಹೇಳುತ್ತಾರೆ. ನಾವು ನಕ್ಷೆಯಲ್ಲಿ ಉತ್ತರದವರಾದರೂ ನಮ್ಮ ಫ್ಲೂ ಬಹುಪಾಲು ಮಳೆಗಾಲದ್ದು. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ಸೂಜಿಯ ಬಲ ಮೈಗೆ ಹತ್ತಲು ಎರಡು ವಾರ ಬೇಕು. ಮಾಮೂಲಿ ಇಂಜೆಕ್ಷನ್ನಿನಲ್ಲಿ ಇರುವುದು ಸತ್ತ ವೈರಾಣು, ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು.

ಪೂರ್ತಿ ಕಾಪಾಡುತ್ತದೆಯೇ? ಇಲ್ಲ. ತಳಿ ಸರಿಯಾಗಿ ಹೊಂದಿದ ವರ್ಷ 100ಕ್ಕೆ 40ರಿಂದ 60ರಷ್ಟು ತಡೆಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಕಡಿಮೆ. ಆದರೆ ಬಂದರೂ ಆಸ್ಪತ್ರೆಯ ತನಕ ಹೋಗುವ ಸಾಧ್ಯತೆಯನ್ನು ತಗ್ಗಿಸುತ್ತದೆ. ಕೆನಡಾದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಫ್ಲೂ ಖಚಿತವಾದ ವಾರದಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಏರುತ್ತದೆ ಎಂದು ತೋರಿಸಿತು. ಬಿ.ಪಿ., ಸಕ್ಕರೆ ಇರುವ ಮುದುಕರಿಗೆ ಇದು ಮಳೆ ಜ್ವರದ ಲೆಕ್ಕವಲ್ಲ.

ಅಜ್ಜಿ ಎಲ್ಲ ಕೇಳಿ, ‘ಆ ಮೆಟ್ಟಿಲು ಮತ್ತೆ ಇಳಿಯೋ ಹಾಗೆ ಮಾಡುತ್ತಾ?’ ಎಂದಳು.

‘ಇಲ್ಲ ಅಜ್ಜಿ. ಇರೋದು ಇನ್ನೂ ಹೋಗದೇ ಇರೋ ಹಾಗೆ ಮಾಡಬಹುದು.’

‘ಸರಿ, ಅಷ್ಟಾದರೂ ಮಾಡಲಿ’ ಎಂದು ಎದ್ದಳು.

ಮೇ ತಿಂಗಳ ಎರಡನೇ ವಾರ ಹೋದೆವು. 21 ಮೆಟ್ಟಿಲು, ಪ್ರತಿ ಏಳಕ್ಕೊಮ್ಮೆ ನಿಂತು. ಡಿಸ್ಪೆನ್ಸರಿ ರಸ್ತೆಯ ಹೆಸರಿನಲ್ಲೇ ಔಷಧಾಲಯವಿದೆ. ಸ್ವಲ್ಪ ದೂರದಲ್ಲಿ 1860ರ ದಶಕದಲ್ಲಿ ಶುರುವಾದ ಬೌರಿಂಗ್ ಆಸ್ಪತ್ರೆ ಇದೆ. ನಾವು ಹೋದದ್ದು ಒಂದು ಖಾಸಗಿ ಕ್ಲಿನಿಕ್ಕಿಗೆ. ಡಾಕ್ಟರ್ ‘ಅಮ್ಮ, ಕೈ ಸಡಿಲ ಬಿಡಿ’ ಎನ್ನುತ್ತಿದ್ದಂತೆ ಮುಗಿದಿತ್ತು. ‘ಗುರುತೇ ಬೀಳಲ್ವಾ?’ ಎಂದು ಅಜ್ಜಿಗೆ ನಿರಾಸೆ. 1,800 ರೂಪಾಯಿ. ಬಿಲ್ಲನ್ನೇ ಮಡಿಸಿ ಕೋವಿಡ್ ಸರ್ಟಿಫಿಕೇಟಿನ ಜೊತೆ ಇಟ್ಟಳು.

ಸಂಜೆ ಮೆಟ್ಟಿಲ ಮೇಲೆ ನಾಲ್ಕು ಜನ ಸೇರಿದರು. ಖಾಲಾ, ಹೂವಿನಾಕೆ, ಹಿಂದಿನ ಮನೆಯ ಇಬ್ಬರು. ಎಲ್ಲರೂ ಅರವತ್ತೈದರ ಮೇಲಿನವರೇ. ಅಜ್ಜಿ ಸೆರಗು ಸರಿಸಿ ತೋಳು ತೋರಿಸಿದಳು. ನೋವಿಲ್ಲ, ಜ್ವರವಿಲ್ಲ, ಮಳೆಗೆ ಮುಂಚೆ ಹೋಗಿಬನ್ನಿ ಎಂದು ಮೂರು ಭಾಷೆಯಲ್ಲಿ ಹೇಳಿದಳು. ನಾನು ನಾಲ್ಕು ವರ್ಷದಿಂದ ಓದಿದ್ದನ್ನು ಅವಳು ಹತ್ತು ನಿಮಿಷದಲ್ಲಿ ದಾಟಿಸಿದ್ದಳು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಹೂವಿನಾಕೆ ಬೆಲೆ ಕೇಳಿದರು. ಅಜ್ಜಿ ಹೇಳಿದಳು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ಮಗನ್ನ ಕೇಳ್ತೀನಿ’ ಎಂದರು ಒಬ್ಬರು. ‘ನಮಗೆಲ್ಲ ಏನಾಗುತ್ತೆ ಬಿಡಿ’ ಎಂದರು ಇನ್ನೊಬ್ಬರು.

ಈ ಬರಹ ಮುಗಿಸುವ ಹೊತ್ತಿಗೆ ಜೂನ್ ಮಳೆ ಹಿಡಿದಿದೆ. ನಾಲ್ವರಲ್ಲಿ ಖಾಲಾ ಒಬ್ಬರೇ ಹೋಗಿ ಬಂದಿದ್ದಾರೆ. ಉಳಿದ ಮೂವರನ್ನು ಅಜ್ಜಿ ದಿನಾ ಕಿಟಕಿಯಿಂದ ಕೇಳುತ್ತಾಳೆ, ‘ಹಾಕಿಸ್ಕೊಂಡ್ರಾ?’