ಅನ್ನಕ್ಕಾಗಿ ಮದ್ರಸಾ ಸೇರಿದ ಹುಡುಗ: ಬಡ ವಿದ್ಯಾರ್ಥಿಯೂ ನಮ್ಮ ಇತಿಹಾಸವೂ

ಎಸೆಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಬಂದ ಮೇಲಿನ ಕೆಲವು ವಾರ ನಮ್ಮ ಮೊಹಲ್ಲಾಗಳಲ್ಲಿ ಸಂತೋಷವೂ ಇರುತ್ತದೆ, ಚಿಂತೆಯೂ ಇರುತ್ತದೆ. ಪಾಸಾದ ಮಗುವಿಗೆ ಸಿಹಿ ಹಂಚುತ್ತೇವೆ. ಆದರೆ ಅದೇ ಮಗು ಪ್ರಥಮ ಪಿಯುಸಿಗೋ ಪ್ರಥಮ ವರ್ಷದ ಪದವಿಗೋ ಸೇರಿತೇ ಎಂದು ಜೂನ್ ತಿಂಗಳಲ್ಲಿ ಯಾರೂ ವಿಚಾರಿಸುವುದಿಲ್ಲ. ಪರೀಕ್ಷೆಯಲ್ಲಿ ಗೆದ್ದು, ಕಾಲೇಜಿನ ಕೌಂಟರಿನ ಮುಂದೆ ಸೋತು ಗ್ಯಾರೇಜಿಗೋ ಅಂಗಡಿಗೋ ದುಡಿಯಲು ಹೋದ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಇಂಥ ಮಕ್ಕಳನ್ನು ನಮ್ಮ ಹಿರಿಯರು ಹೇಗೆ ನಡೆಸಿಕೊಂಡರು ಎಂಬುದನ್ನು ಈ ದಿನಗಳಲ್ಲಿ ನಾವು ನೆನಪಿಸಿಕೊಳ್ಳಬೇಕು.

ಮೊದಲು ಮದೀನಾಕ್ಕೆ ಹೋಗೋಣ. ಹಿಜ್ರತ್‌ನ ನಂತರ ಪ್ರವಾದಿ ಮುಹಮ್ಮದ್(ಸ)ರ ಮಸೀದಿಯ ಒಂದು ಬದಿಯಲ್ಲಿ ನೆರಳಿನ ಜಗುಲಿಯೊಂದಿತ್ತು. ಅದೇ ಸುಫ್ಫಾ. ಮನೆ ಮಠವಿಲ್ಲದ, ಕಲಿಯುವ ಹಸಿವಿದ್ದ ಸಹಾಬಿಗಳು ಅಲ್ಲಿ ತಂಗುತ್ತಿದ್ದರು. ಹಝ್ರತ್ ಅಬೂಹುರೈರಾ(ರ) ಅವರಲ್ಲೊಬ್ಬರು. ಪ್ರವಾದಿ(ಸ)ರು ತಮಗೆ ಬಂದ ಉಡುಗೊರೆಯ ಆಹಾರವನ್ನು ಅವರೊಂದಿಗೆ ಹಂಚಿಕೊಳ್ಳುತ್ತಿದ್ದರು. ಉಳ್ಳವರು ಒಬ್ಬಿಬ್ಬರನ್ನು ಊಟಕ್ಕೆ ಮನೆಗೆ ಕರೆದೊಯ್ಯುತ್ತಿದ್ದರು. ತೋಟವಿದ್ದವರು ಖರ್ಜೂರದ ಗೊನೆಗಳನ್ನು ತಂದು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಹಸಿದವರು ಯಾರನ್ನೂ ಕೇಳದೆ ಅದರಿಂದ ತಿನ್ನಬಹುದಿತ್ತು. ಸಾವಿರಾರು ಹದೀಸ್‌ಗಳನ್ನು ಸಮುದಾಯಕ್ಕೆ ತಲುಪಿಸಿದ ಅಬೂಹುರೈರಾ(ರ)ರ ಹಿಂದೆ ಈ ಗೊನೆಗಳೂ ಇವೆ ಎಂಬುದನ್ನು ನಾವು ಮರೆಯಬಾರದು.

ಮುಂದಿನ ಶತಮಾನಗಳಲ್ಲಿ ಈ ಕಾಳಜಿ ವಕ್ಫ್‌ನ ರೂಪ ಪಡೆಯಿತು. ಒಬ್ಬರು ಅಂಗಡಿಯನ್ನೋ ಹೊಲವನ್ನೋ ಅಲ್ಲಾಹನ ಹೆಸರಿನಲ್ಲಿ ಬಿಟ್ಟುಕೊಟ್ಟರೆ ಅದರ ಆದಾಯದಿಂದ ಮದ್ರಸಾದ ಗುರುಗಳಿಗೆ ಸಂಬಳ, ವಿದ್ಯಾರ್ಥಿಗಳಿಗೆ ಊಟ ವಸತಿ ನಡೆಯುತ್ತಿತ್ತು. ದಾನಿ ತೀರಿಕೊಂಡರೂ ವ್ಯವಸ್ಥೆ ನಿಲ್ಲುತ್ತಿರಲಿಲ್ಲ.

ಇದರ ಫಲ ಏನೆಂದು ತಿಳಿಯಲು ಇಮಾಮ್ ಘಝಾಲಿ(ರಹ್)ಯವರ ಬಾಲ್ಯವೊಂದೇ ಸಾಕು. ಅವರು 1058ರಲ್ಲಿ ಇರಾನಿನ ತೂಸ್‌ನಲ್ಲಿ ಹುಟ್ಟಿದರು. ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರು, ಓದುಬರಹ ತಿಳಿಯದವರು. ತಮಗೆ ಸಿಗದ ವಿದ್ಯೆ ಮಕ್ಕಳಿಗಾದರೂ ಸಿಗಲಿ ಎಂಬುದು ಅವರ ಆಸೆ. ಸಾಯುವ ಕಾಲಕ್ಕೆ ಇಬ್ಬರು ಗಂಡುಮಕ್ಕಳನ್ನೂ ತಮ್ಮಲ್ಲಿದ್ದ ಅಲ್ಪ ಹಣವನ್ನೂ ಸೂಫಿ ಗೆಳೆಯರೊಬ್ಬರ ಕೈಗೊಪ್ಪಿಸಿ, ಇವರನ್ನು ಓದಿಸಿ ಎಂದು ಬೇಡಿಕೊಂಡರು. ಆ ಗೆಳೆಯರು ಮಾತು ಉಳಿಸಿಕೊಂಡರು. ಆದರೆ ಸ್ವಲ್ಪ ಕಾಲದಲ್ಲಿ ಹಣ ಮುಗಿಯಿತು. ಅವರೂ ಬಡವರೇ. ಮಕ್ಕಳನ್ನು ಕೂರಿಸಿಕೊಂಡು ಅವರು ಕೊಟ್ಟ ಸಲಹೆ ಇಷ್ಟೇ: ಮದ್ರಸಾಕ್ಕೆ ವಿದ್ಯಾರ್ಥಿಗಳಾಗಿ ಸೇರಿಕೊಳ್ಳಿ, ಅಲ್ಲಿ ನಿಮ್ಮ ಊಟಕ್ಕೆ ದಾರಿಯಾಗುತ್ತದೆ.

ಹೀಗೆ ಹೊಟ್ಟೆಗಾಗಿ ಮದ್ರಸಾ ಸೇರಿದ ಹುಡುಗ 1091ರಲ್ಲಿ, ಇನ್ನೂ ಮೂವತ್ತಮೂರರ ಪ್ರಾಯದಲ್ಲಿ, ಬಗ್ದಾದಿನ ನಿಝಾಮಿಯಾ ಮದ್ರಸಾದ ಮುಖ್ಯ ಗುರುಗಳಾದರು. ಅನ್ನಕ್ಕೆಂದು ಹೋದವರನ್ನು ವಿದ್ಯೆಯೇ ಅಲ್ಲಾಹನ ಕಡೆಗೆ ತಿರುಗಿಸಿತು ಎಂಬರ್ಥದ ಮಾತನ್ನು ಅವರು ಮುಂದೆ ಹೇಳುತ್ತಿದ್ದರಂತೆ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ತೂಸ್‌ನ ಮದ್ರಸಾದಲ್ಲಿ ಆ ದಿನ ಊಟದ ಏರ್ಪಾಡು ಇಲ್ಲದಿದ್ದರೆ ಆ ಇಬ್ಬರು ಅನಾಥ ಮಕ್ಕಳು ಎಲ್ಲಿಗೆ ಹೋಗುತ್ತಿದ್ದರು?

ಈ ಪರಂಪರೆ ನಮ್ಮ ನಾಡಿಗೂ ಬಂತು. ಬೀದರ್‌ಗೆ ಹೋದವರು ಮಹಮೂದ್ ಗಾವಾನರ ಮದ್ರಸಾ ನೋಡಿಯೇ ಇರುತ್ತಾರೆ. ಇರಾನಿನ ಗೀಲಾನ್ ಪ್ರದೇಶದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಗಾವಾನರು 1472ರಲ್ಲಿ ಅದನ್ನು ಪೂರ್ತಿಗೊಳಿಸಿದರು. ಮೂರು ಅಂತಸ್ತು, ಮಸೀದಿ, ಪಾಠದ ಹಜಾರಗಳು, ಮೂರು ಸಾವಿರದಷ್ಟು ಹಸ್ತಪ್ರತಿಗಳ ಗ್ರಂಥಾಲಯ. ಪ್ರವಾಸಿಗರು ಅದರ ನೀಲಿ ಹೆಂಚಿನ ಅಂದ ನೋಡಿ ಬೆರಗಾಗುತ್ತಾರೆ. ನಾವು ನೋಡಬೇಕಾದದ್ದು ವಿದ್ಯಾರ್ಥಿಗಳಿಗೆಂದು ಕಟ್ಟಿದ ಆ ಮೂವತ್ತಾರು ಕೋಣೆಗಳನ್ನು. ಪಾಠದ ಹಜಾರ ಕಟ್ಟುವಾಗಲೇ ಹುಡುಗ ಮಲಗುವ ಜಾಗವನ್ನೂ ಕಟ್ಟಿದ್ದರು. ಊಟ ವಸತಿಗೆ ಅವನು ಹಣ ಕೊಡಬೇಕಾಗಿರಲಿಲ್ಲ. ಸುಳ್ಳು ಪತ್ರವೊಂದರ ಪಿತೂರಿಗೆ ಬಲಿಯಾಗಿ 1481ರಲ್ಲಿ ಗಾವಾನರು ಮರಣದಂಡನೆಗೆ ಒಳಗಾದರು. ಅವರ ಖಜಾನೆ ತೆರೆದಾಗ ಅಷ್ಟು ದೊಡ್ಡ ಮಂತ್ರಿಯ ಬಳಿ ಸ್ವಂತಕ್ಕೆಂದು ಉಳಿದದ್ದು ಅತ್ಯಲ್ಪ ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಮದ್ರಸಾ ಮಾತ್ರ ಅವರ ನಂತರವೂ ಎರಡು ಶತಮಾನ ಬಾಳಿತು.

ಇಂಗ್ಲಿಷ್ ವಿದ್ಯೆಯ ಕಾಲ ಬಂದಾಗ ಕಾಲೇಜು ಎಂಬುದು ಶುಲ್ಕ ಕೊಟ್ಟು ಸೇರುವ ಜಾಗವಾಯಿತು. ಸರ್ ಸಯ್ಯಿದ್ ಅಹ್ಮದ್ ಖಾನರ ಅಲಿಘರ್ ಕಾಲೇಜಿಗೂ ಈ ಕಷ್ಟ ತಪ್ಪಲಿಲ್ಲ. ಬಡ ಹುಡುಗರು ಹಿಂದೆ ಉಳಿಯುವುದನ್ನು ಕಂಡು 1890ರ ಸುಮಾರಿಗೆ ಅಲ್ಲಿನ ವಿದ್ಯಾರ್ಥಿಗಳೇ ಒಂದು ಸಂಘ ಕಟ್ಟಿದರು. ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಅದರ ಮುಂದಾಳು. ಅಂಜುಮನ್ ಅಲ್ ಫರ್ಝ್, ಅಂದರೆ ಕರ್ತವ್ಯದ ಸಂಘ ಎಂದು ಅದಕ್ಕೆ ಹೆಸರಿಟ್ಟರು. ರಜೆಯಲ್ಲಿ ಊರೂರು ತಿರುಗಿ ತಮ್ಮ ಬಡ ಸಹಪಾಠಿಗಳಿಗಾಗಿ ಹಣ ಕೂಡಿಸಿದರು. ಹೆಸರನ್ನು ಗಮನಿಸಿ: ಅದರಲ್ಲಿ ದಾನ ಎಂಬ ಮಾತಿಲ್ಲ, ಕರ್ತವ್ಯ ಎಂಬ ಮಾತಿದೆ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಸರಕಾರವೇ ಈ ಹೊಣೆಯನ್ನು ಅರಿತುಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ಕೊಡುವುದರ ಜೊತೆಗೆ ಉನ್ನತ ಶಿಕ್ಷಣಕ್ಕೆ ವಿಶೇಷ ಸೌಲಭ್ಯ ಕೊಡುವುದೂ ಅದು ಪರಿಶೀಲಿಸಬೇಕಿದ್ದ ವಿಷಯವಾಗಿತ್ತು. ಆ ಸಮುದಾಯಗಳಲ್ಲಿ ಮುಸ್ಲಿಮರೂ ಸೇರಿದ್ದರು. ಮುಂದೆ 1990ರ ದಶಕದಲ್ಲಿ ಪ್ರವರ್ಗ 2ಬಿ ಅಡಿ ಶೇಕಡ 4ರ ಮೀಸಲಾತಿ ಬಂತು. ಅದರ ಸುತ್ತಲಿನ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಓದುಗರಿಗೆ ಗೊತ್ತಿದೆ. ಸಮುದಾಯವೂ ಸುಮ್ಮನಿರಲಿಲ್ಲ. ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು.

ಇಷ್ಟಾದರೂ 2006ರ ಸಾಚಾರ್ ಸಮಿತಿ ವರದಿ ನಮ್ಮ ಮುಂದೆ ಕನ್ನಡಿ ಹಿಡಿಯಿತು. ಇಪ್ಪತ್ತು ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ದೇಶದ ಒಟ್ಟು ಜನರಲ್ಲಿ ಸುಮಾರು ಶೇಕಡ 7 ಇದ್ದರೆ, ಮುಸ್ಲಿಮರಲ್ಲಿ ಶೇಕಡ 4ಕ್ಕಿಂತ ಕಡಿಮೆ. ಆ ವರದಿಯ ಬಳಿಕ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೀಸಲಾತಿ ಸೀಟು ಕೊಡುತ್ತದೆ, ಬಸ್ಸಿನ ಪಾಸು, ಪುಸ್ತಕ, ಹಾಸ್ಟೆಲಿನ ಊಟ ಕೊಡುವುದಿಲ್ಲ. ವಿದ್ಯಾರ್ಥಿವೇತನ ಹಣ ಕೊಡುತ್ತದೆ, ಆದರೆ ಕಾಲೇಜು ಸೇರಿದ ಮೇಲೆ, ಎಷ್ಟೋ ತಿಂಗಳು ಕಳೆದು. ಶುಲ್ಕ ಕಟ್ಟಬೇಕಾದದ್ದು ಮಾತ್ರ ಮೊದಲ ವಾರದಲ್ಲೇ. ನಮ್ಮ ಮಕ್ಕಳು ಬೀಳುವುದು ಈ ನಡುವಿನ ಹಳ್ಳದಲ್ಲಿ. ಸುಫ್ಫಾದ ಗೊನೆ, ತೂಸ್‌ನ ಊಟ, ಬೀದರ್‌ನ ಕೋಣೆ ಇವೆಲ್ಲ ಮಗು ಬರುವ ಮೊದಲೇ ಸಿದ್ಧವಾಗಿದ್ದವು. ನಾವು ಕಳೆದುಕೊಂಡಿರುವುದು ಆ ಮುಂದಾಲೋಚನೆಯನ್ನು.

ಇದನ್ನು ಪ್ರತಿ ಜಮಾಅತ್ ಮತ್ತೆ ಕಟ್ಟಬಹುದು. ಫಲಿತಾಂಶಕ್ಕೆ ಮೊದಲೇ ಮೊಹಲ್ಲಾದ ಮಕ್ಕಳ ಪಟ್ಟಿ ಮಾಡೋಣ. ಆದಾಯ ಮತ್ತು ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಇವನ್ನು ಓದಿದ ಯುವಕ ಯುವತಿಯರು ವಹಿಸಿಕೊಳ್ಳಲಿ. ಶುಲ್ಕದ ಮೊದಲ ಕಂತಿಗೆ ಕರ್ಝೆ ಹಸನ್ ನಿಧಿಯೊಂದಿರಲಿ, ವಿದ್ಯಾರ್ಥಿವೇತನ ಬಂದಾಗ ಅದು ಮರಳಿ ಮುಂದಿನ ಮಗುವಿಗೆ ಸಿಗಲಿ. ತೀರಾ ಬಡವರಿಗೆ ಝಕಾತ್ ಸಲ್ಲುತ್ತದೆ, ವಿವರವನ್ನು ಉಲಮಾಗಳಲ್ಲಿ ಕೇಳೋಣ. ಹೆಣ್ಣುಮಕ್ಕಳ ಹೆಸರು ಪಟ್ಟಿಯ ಕೊನೆಗೆ ಹೋಗದಿರಲಿ. ನೆರವು ಕೊಡುವಾಗ ವೇದಿಕೆ, ಫೋಟೊ ಬೇಡ. ಮದೀನಾದಲ್ಲಿ ಗೊನೆ ತೂಗುಹಾಕಿದವರು ತಿಂದವರ ಹೆಸರು ಬರೆದಿಟ್ಟಿರಲಿಲ್ಲ.

ನಮ್ಮ ಬೀದಿಯಿಂದ ಈ ಜೂನ್‌ನಲ್ಲಿ ಕಾಲೇಜಿಗೆ ಹೊರಡಬೇಕಾದ ಮಗುವಿನಲ್ಲಿ ಅಲ್ಲಾಹನು ಏನನ್ನು ಇಟ್ಟಿದ್ದಾನೆಂದು ನಮಗೆ ತಿಳಿಯದು. ಆ ಮಗುವನ್ನು ಬಾಗಿಲ ತನಕ ತಲುಪಿಸುವ ಕೆಲಸ ನಮ್ಮದು. ಅದಕ್ಕೆ ಬೇಕಾದ ಮನಸ್ಸನ್ನೂ ಬರಕತ್ತನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.