ಸೈಕಲ್ ಕೊಟ್ವಿ, ದಾಟೋ ಜಾಗ ಎಲ್ಲಿ?

ಇವತ್ತು ರಾಜರ ಇತಿಹಾಸ ಬೇಡ. ರಸ್ತೆ ಮೂಲೆಯ ಇತಿಹಾಸ ಹೇಳ್ತೀನಿ.

ಬಸವಕಲ್ಯಾಣ ಅಂದ್ರೆ ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕಲ್ಯಾಣ. ಆದ್ರೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಿಂದ ಬರೋರು ಊರಿನ ಕಡೆ ತಿರುಗೋದು ಸಸ್ತಾಪುರ ಬಂಗ್ಲಾ ಹತ್ರ. ಈ ಹೆದ್ದಾರಿಯ ಹಳೇ ನಂಬರ್ 9. 2010ರಲ್ಲಿ ದೇಶದ ಹೆದ್ದಾರಿಗಳ ನಂಬರ್ ಬದಲಾದಾಗ 65 ಆಯ್ತು. ಹಂಗೇ ಪೂರ್ವಕ್ಕೆ ಹೋದ್ರೆ ಹುಮನಾಬಾದ್. ಅಲ್ಲಿ ಬೀದರ್–ಕಲಬುರಗಿ ರಸ್ತೆ ಅಡ್ಡ ಬರುತ್ತೆ. ಅಂದ್ರೆ ಎರಡೂ ಊರಿನ ಬದುಕು ಕ್ರಾಸ್‌ಗಳ ಸುತ್ತಲೇ.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ಹಳ್ಳಿ ಹುಡುಗಿಯರು ಹೈಸ್ಕೂಲಿಗೆ ಹೋಗೋದು ಸಲೀಸಾಯ್ತು. ನಾನು ಬಿಕಾಂ ಓದಿದವನು, ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ: ಸೈಕಲ್ಲಿಗೆ ಒಂದು ಕಾಲಂ ಇತ್ತು, ಅದು ರಸ್ತೆ ದಾಟೋ ಜಾಗಕ್ಕೆ ಆ ಯೋಜನೆಯಲ್ಲಿ ಕಾಲಂ ಇರಲಿಲ್ಲ.

ಅಪಾಯ ಎಲ್ಲಿದೆ? ಎಡಕ್ಕೆ ತಿರುಗೋ ಮೂಲೆಯಲ್ಲಿ. ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರಾಲಿ ಎಳ್ಕೊಂಡು ತಿರುಗೋ ಟ್ರ್ಯಾಕ್ಟರ್ ನೋಡಿ. ಟ್ರಾಲಿಯ ಗಾಲಿಗಳು ಟ್ರ್ಯಾಕ್ಟರ್ ಗಾಲಿಗಿಂತ ಒಳಗೆ, ಮೂಲೆ ಕಡೆಗೆ ಸರಿದು ಬರ್ತವೆ. ಎಡಬದಿಯಲ್ಲಿ ನೇರ ಹೋಗೋ ಸೈಕಲ್ ಸವಾರ ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಮೇಲ್ಸೇತುವೆ ಕಟ್ಟಿದ್ರೂ ಊರಿಗೆ ಬರೋ ಲಾರಿ ನೆಲಕ್ಕಿಳಿದೇ ತಿರುಗಬೇಕು.

ಇದೇ ಲೆಕ್ಕವನ್ನ ನೆದರ್ಲೆಂಡ್ಸ್ ಒಮ್ಮೆ ನೋವಿನಿಂದ ಮಾಡ್ತು. 1971ರಲ್ಲಿ ಅಲ್ಲಿ ರಸ್ತೆ ಅಪಘಾತಕ್ಕೆ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನ ಕಳ್ಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನೋ ಚಳವಳಿ ಹುಟ್ಟಿತು. ಜನ ಬೀದಿಗಿಳಿದರು, ರಸ್ತೆ ಬದಲಾಯ್ತು. ಈಗ ಅಲ್ಲಿ ವರ್ಷಕ್ಕೆ ಸಾಯೋರು 700ರ ಆಸುಪಾಸು.

ಅಲ್ಲಿನ ಕ್ರಾಸ್‌ಗಳಲ್ಲಿ ಮಾಡಿದ್ದೇನು? ಮೂಲೆಗೆ ಒಂದು ಸಣ್ಣ ಕಟ್ಟೆ. ಅದನ್ನ ಸುತ್ತಿ ಬರಬೇಕಾದ್ರೆ ಗಾಡಿ ನಿಧಾನ ಆಗಲೇಬೇಕು. ಸೈಕಲ್ ದಾಟೋ ಪಟ್ಟಿ ಮೂಲೆಯಿಂದ ಒಂದು ಕಾರಿನಷ್ಟು ಹಿಂದೆ. ಆಗ ಸವಾರ ಡ್ರೈವರ್ ಕಣ್ಣೆದುರಿಗೇ ಬರ್ತಾನೆ, ಪಕ್ಕದ ಕನ್ನಡಿಯಲ್ಲಿ ಹುಡುಕಬೇಕಾಗಿಲ್ಲ. ರಸ್ತೆ ನಡುವೆ ನಿಲ್ಲೋಕೆ ಜಾಗ, ಎರಡು ಹಂತದಲ್ಲಿ ದಾಟಬಹುದು. ವೇಗ 50ರಿಂದ 30ಕ್ಕೆ ಇಳಿದ್ರೆ ಡಿಕ್ಕಿಯ ಶಕ್ತಿ ಮೂರನೇ ಒಂದು ಭಾಗದ ಹತ್ರಕ್ಕೆ ಇಳಿಯುತ್ತೆ. ವಾಹನ ಜೋರಾಗಿ ಓಡೋ ಹೆದ್ದಾರಿಗೆ ಮಾತ್ರ ಇದು ಸಾಲದು, ಅಲ್ಲಿ ಸೈಕಲ್ಲಿಗೆ ಅಂಡರ್‌ಪಾಸ್ ಬೇಕು.

ಇದು ಬರೀ ವಿದೇಶಿ ಮಾತಲ್ಲ. ಸೈಕಲ್ ಪಥ ಹೆಂಗಿರಬೇಕು ಅಂತ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಮಾರ್ಗಸೂಚಿ ತಂದಿತ್ತು, 2015ರಲ್ಲಿ ಅದನ್ನ ಪರಿಷ್ಕರಿಸಿತು. ಪುಸ್ತಕದಲ್ಲಿರೋದು ನಮ್ಮ ಮೂಲೆಗೂ ಬರಬೇಕು, ಅಷ್ಟೇ.

ನಿಮ್ಮೂರ ಕ್ರಾಸ್‌ನಲ್ಲಿ ಶಾಲೆ ಬಿಡೋ ಹೊತ್ತಿಗೆ ಹತ್ತು ನಿಮಿಷ ನಿಂತು ನೋಡ್ರಿ. ಎಷ್ಟು ಸೈಕಲ್, ಯಾವ ಮೂಲೆ, ಬರ್ಕೊಳ್ರಿ. ಮುಂದಿನ ವಾರ್ಡ್ ಸಭೆಗೆ ಆ ಚೀಟಿ ತಗೊಂಡು ಹೋಗ್ರಿ. ಮತ್ತೆ ಸಿಗೋಣ.